ಬೆಳಗಾಗುವಷ್ಟರಲ್ಲಿ ಮಾಜಿ

18 ನಿಮಿಷ. ಚೆಲ್ಸಿ ಎದುರು 3-0 ಅಂತರದಲ್ಲಿ ಸೋತ ಮೇಲೆ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ನಾಟಿಂಗ್‌ಹ್ಯಾಮ್ ಫಾರೆಸ್ಟ್, ತಂಡವನ್ನು ಆಡಿಸುವ ತನ್ನ ಮ್ಯಾನೇಜರ್ ಆಂಜ್ ಪೋಸ್ಟೆಕೊಗ್ಲು ಅವರಿಗೆ ಕೊಕ್ ಕೊಡಲು ತೆಗೆದುಕೊಂಡ ಹೊತ್ತು ಅಷ್ಟೇ. ಆಟಗಾರರು ಇನ್ನೂ ಬೂಟಿನ ಲೇಸು ಬಿಚ್ಚುತ್ತಿದ್ದರೇನೋ. ಸೋತ ತಂಡದ ಅಭಿಮಾನಿಗೆ ಕ್ರೀಡಾಂಗಣದಿಂದ ಹೊರಬಂದು ಕಾರು ನಿಲ್ಲಿಸಿದ ಜಾಗ ನೆನಪು ಮಾಡಿಕೊಳ್ಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. 39 ದಿನಗಳ ಸಂಸಾರ. ಎಂಟು ಪಂದ್ಯ, ಆರು ಸೋಲು, ಎರಡು ಡ್ರಾ. ಮಾಲೀಕ ಇವಾಂಜೆಲೋಸ್ ಮರಿನಾಕಿಸ್ ಅವರ ಕುರ್ಚಿಯಂತೂ ಪಂದ್ಯ ಮುಗಿಯುವ ಮೊದಲೇ ಖಾಲಿಯಾಗಿತ್ತು. ಕುರ್ಚಿಯೇ ತೀರ್ಪು ಓದಿ ಮುಗಿಸಿದ ಮೇಲೆ ಪ್ರಕಟಣೆಗೆ 18 ನಿಮಿಷವಾದರೂ ಏಕೆ ಬೇಕಾಯಿತು ಎಂಬುದೊಂದೇ ನನಗೆ ಉಳಿದ ಅನುಮಾನ. ಬಹುಶಃ ಹೆಸರಿನ ಕಾಗುಣಿತ ಸರಿಪಡಿಸುತ್ತಿದ್ದರು. ಉದ್ದದ ಹೆಸರು.

ಆ ಋತುವಿನಲ್ಲಿ ಅವರಿಗಿಂತ ಮೊದಲು ಹೋದವರು ನೂನೊ ಎಸ್ಪಿರಿಟೊ ಸಾಂಟೊ. ಅವರು ಹಿಂದಿನ ವರ್ಷ ತಂಡವನ್ನು ಏಳನೆಯ ಸ್ಥಾನಕ್ಕೆ ಏರಿಸಿ, ಸುಮಾರು ಮೂರು ದಶಕಗಳ ಬಳಿಕ ಯುರೋಪ್ ಟೂರ್ನಿಗೆ ದಾಟಿಸಿದ ಅಪರಾಧಿ. ಮೂರನೆಯವರಾಗಿ ಶಾನ್ ಡೈಚ್ ಬಂದಾಗ 2025ರ ಅಕ್ಟೋಬರ್ ಕೂಡ ಮುಗಿದಿರಲಿಲ್ಲ. ಕ್ಯಾಲೆಂಡರಿನ ಹಾಳೆಗಿಂತ ಬೇಗ ಮ್ಯಾನೇಜರ್ ಹರಿದುಹೋಗುವ ಊರು ಅದು.

ಮಾಲೀಕರ ವಿಷಯ ಬಿಡಿ, ದುಡ್ಡಿದ್ದವರ ಕೋಪಕ್ಕೆ ಕಾರಣ ಕೇಳಬಾರದು. ನನ್ನನ್ನು ಕಾಡುವುದು ಅಭಿಮಾನಿಗಳು. ಆಂಜ್ ಹೋಗುವ ಎರಡು ವಾರ ಮೊದಲು ಡೆನ್ಮಾರ್ಕಿನ ಮಿಟ್‌ಯುಲನ್ ತಂಡ ಬಂದು ಫಾರೆಸ್ಟ್‌ನ ಅಂಗಳದಲ್ಲೇ ಗೆದ್ದಿತಲ್ಲ, ಆಗ ಮನೆಯ ಅಭಿಮಾನಿಗಳೇ ಎದ್ದು ನಿಂತು ಆ ಹಾಡು ಹಾಡಿದರು. ಅದೇ, ‘ಬೆಳಗಾಗುವಷ್ಟರಲ್ಲಿ ನಿನ್ನ ಕೆಲಸ ಹೋಗುತ್ತದೆ’ ಎಂಬ ಹಾಡು. ಇಂಗ್ಲೆಂಡಿನ ಕ್ರೀಡಾಂಗಣಗಳಲ್ಲಿ ಅದನ್ನು ಎದುರಾಳಿ ಮ್ಯಾನೇಜರ್‌ಗೆ ಹಾಡುವುದು ವಾಡಿಕೆ. ಅದು ಅತಿಥಿ ಸತ್ಕಾರ. ಚಪ್ಪರ ಬಿಚ್ಚುವ ಮೊದಲೇ ಸ್ವಂತ ಮನೆಯ ಅಳಿಯನಿಗೆ ಹಾಡಿದ್ದು ಮಾತ್ರ ಹೊಸ ಬಗೆಯ ಸೋಬಾನೆ.

ಹಾಡಿನ ಮಾತು ಬಂತು, ಸ್ವಲ್ಪ ನಿಲ್ಲೋಣ. ಅದರ ರಾಗ ಇಂಗ್ಲೆಂಡಿನದಲ್ಲ, ಕ್ಯೂಬಾದ್ದು, ಗ್ವಾಂಟನಮೇರಾ. ಆ ರಾಗಕ್ಕೆ ಕೂಡಿಸಿ ಹಾಡುವ ಸಾಲುಗಳು ಹೊಸೆ ಮಾರ್ತಿ ಎಂಬ ಕವಿಯವು. ಸ್ಪೇನ್‌ನ ಹಿಡಿತದಿಂದ ಕ್ಯೂಬಾವನ್ನು ಬಿಡಿಸಲು ಹೊರಟು 1895ರಲ್ಲಿ ರಣರಂಗದಲ್ಲೇ ಪ್ರಾಣ ಬಿಟ್ಟವನು. ಸಾಮ್ರಾಜ್ಯಕ್ಕೆ ಎದೆಯೊಡ್ಡಿದವನ ಸಾಲುಗಳನ್ನು ಹೊತ್ತ ರಾಗ ಈಗ ಲೆಫ್ಟ್ ಬ್ಯಾಕ್ ಆಯ್ಕೆ ಸರಿಯಿಲ್ಲ ಎಂಬ ದುಃಖವನ್ನು ಹೊರುತ್ತಿದೆ. ಹೊರಲಿ, ರಾಗಕ್ಕೇನು ಬೇಸರ. ಇನ್ನೊಂದು ಸಂಗತಿ ಇದೆ. ಪ್ರೀತಿ ಉಕ್ಕಿದಾಗ ಇದೇ ಅಭಿಮಾನಿಗಳು ‘ಇಂಥವನು ಇರುವುದು ಒಬ್ಬನೇ’ ಎಂದು ನೆಚ್ಚಿನವನ ಹೆಸರು ಸೇರಿಸಿ ಹಾಡುತ್ತಾರೆ. ಅದರ ರಾಗವೂ ಗ್ವಾಂಟನಮೇರಾ. ಲಾಲಿಗೂ ಚರಮಗೀತೆಗೂ ಒಂದೇ ಮಟ್ಟು. ಗಂಟಲಿಗೆ ಎಷ್ಟು ಮಿತವ್ಯಯ ನೋಡಿ.

ಆಂಜ್‌ಗೆ ಇದು ಹೊಸದಲ್ಲ. ಅದಕ್ಕೂ ಮುನ್ನ ಅವರು ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿನ ಮ್ಯಾನೇಜರ್ ಆಗಿದ್ದರು. 2025ರ ಏಪ್ರಿಲ್ 3ರಂದು ಚೆಲ್ಸಿ ಮೈದಾನದಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ತಂಡ ಒಂದು ಗೋಲು ಹಿಂದಿತ್ತು. ಆಂಜ್ ಅವರು ಲುಕಾಸ್ ಬರ್ಗ್‌ವಾಲ್‌ನನ್ನು ಹೊರಗೆ ಕರೆದು ಪಾಪೆ ಸಾರ್‌ನನ್ನು ಇಳಿಸಿದರು. ತಂಡದ ಬೆನ್ನಿಗೆ ಬಂದಿದ್ದ ಟಾಟನ್‌ಹ್ಯಾಮ್ ಅಭಿಮಾನಿಗಳೇ ‘ನೀನು ಏನು ಮಾಡುತ್ತಿದ್ದೀಯ ಎಂದು ನಿನಗೇ ಗೊತ್ತಿಲ್ಲ’ ಎಂದು ಒಕ್ಕೊರಲಿನಲ್ಲಿ ಹಾಡಿದರು. ಸ್ವಲ್ಪ ಹೊತ್ತಿಗೆ ಅದೇ ಸಾರ್ ದೂರದಿಂದ ಒದ್ದ ಚೆಂಡು ಬಲೆಗೆ ಬಿತ್ತು. ಆಂಜ್ ಅಭಿಮಾನಿಗಳ ಕಡೆ ತಿರುಗಿ ಅಂಗೈಯನ್ನು ಕಿವಿಯ ಹಿಂದೆ ಇಟ್ಟು, ಏನಂದಿರಿ, ಕೇಳಿಸಲಿಲ್ಲ ಎಂಬಂತೆ ನಿಂತರು. ಅರುವತ್ತರ ಹೊಸ್ತಿಲಲ್ಲಿದ್ದ ಮನುಷ್ಯನೊಬ್ಬ ತನ್ನವರ ವಿರುದ್ಧವೇ ಗೆದ್ದ ಅಮೂಲ್ಯ ಕ್ಷಣ. ಅಷ್ಟರಲ್ಲಿ ವಿಡಿಯೊ ರೆಫರಿ ಗೋಲು ರದ್ದು ಮಾಡಿದ. ಕಿವಿಯ ಹಿಂದಿನ ಆ ಕೈಯನ್ನು ಇಳಿಸಿ ಎಲ್ಲಿಡಬೇಕು ಎಂಬುದಕ್ಕೆ ಯಾವ ತರಬೇತಿ ಶಿಬಿರದಲ್ಲೂ ಪಾಠವಿಲ್ಲ.

ಮುಂದಿನ ತಿಂಗಳು ಇದೇ ಮನುಷ್ಯ ಬಿಲ್ಬಾವೊದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅನ್ನು 1-0 ಸೋಲಿಸಿ ಯುರೋಪಾ ಲೀಗ್ ಗೆದ್ದುಕೊಟ್ಟರು. ಕ್ಲಬ್‌ಗೆ 17 ವರ್ಷಗಳ ಬಳಿಕ ಒಂದು ಕಪ್. ಏನು ಮಾಡುತ್ತಿದ್ದೀಯ ಎಂದು ಕೇಳಿದ ಗಂಟಲುಗಳೇ ಬೀದಿಯಲ್ಲಿ ಜೈಕಾರ ಹಾಕಿದವು. ಕ್ಲಬ್ಬಿನಲ್ಲಿ ಎರಡನೆಯ ಋತು ಮುಗಿಸುತ್ತಿದ್ದ ಆಂಜ್ ಮೆರವಣಿಗೆಯ ದಿನ, ಒಳ್ಳೆಯ ಧಾರಾವಾಹಿಗಳಲ್ಲಿ ಎರಡನೆಯ ಸೀಸನ್‌ಗಿಂತ ಮೂರನೆಯದೇ ಚೆನ್ನಾಗಿರುತ್ತದೆ ಎಂದರು. ಕಪ್ ಗೆದ್ದ 16ನೆಯ ದಿನಕ್ಕೆ ಧಾರಾವಾಹಿ ಬಂದ್. ಲೀಗ್‌ನಲ್ಲಿ 17ನೆಯ ಸ್ಥಾನದಲ್ಲಿದ್ದರು ಎಂಬುದು ನಿಜ, ವಜಾ ಮಾಡಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಅಂದು ಎಷ್ಟು ಕಣ್ಣೀರು! ಕ್ಲಬ್‌ಗೆ ಹೃದಯವಿಲ್ಲ, ಕೃತಜ್ಞತೆಯಿಲ್ಲ, ಇತಿಹಾಸದ ಅರಿವಿಲ್ಲ. ಏಪ್ರಿಲ್‌ನಲ್ಲಿ ಹಾಡಿದ್ದು ಯಾರು? ಯಾರೂ ಅಲ್ಲ. ಅಂದು ಆ ಸ್ಟ್ಯಾಂಡ್‌ನಲ್ಲಿ ಬಹುಶಃ ಗಾಳಿ ಹಾಡಿತ್ತು.

ಅಭಿಮಾನಿಯ ನೆನಪಿನ ಶಕ್ತಿಯ ಬಗ್ಗೆ ನನಗೆ ಅಪಾರ ಗೌರವವಿದೆ. 1972ರ ಸೆಮಿಫೈನಲ್‌ನಲ್ಲಿ ಕಾರ್ನರ್ ಒದ್ದವನ ಹೆಸರು ನಾಲಗೆಯ ತುದಿಯಲ್ಲಿರುತ್ತದೆ. ಹೋದ ತಿಂಗಳು ತಾನೇ ಕೂಗಿದ್ದು ಮಾತ್ರ ನೆನಪಿರುವುದಿಲ್ಲ. ಹೊಸ ಮ್ಯಾನೇಜರ್ ಬಂದ ದಿನ ಪ್ರತಿಯೊಬ್ಬನೂ ಮ್ಯಾಂಚೆಸ್ಟರ್ ಯುನೈಟೆಡ್‌ನ ಸರ್ ಅಲೆಕ್ಸ್ ಫರ್ಗ್ಯುಸನ್ ಪುರಾಣ ತೆಗೆಯುತ್ತಾನೆ. 1989ರಲ್ಲಿ ‘ಮೂರು ವರ್ಷ ನೆಪ ಕೇಳಿದ್ದಾಯಿತು, ಹೋಗಿ ಬಾ ಫರ್ಗಿ’ ಎಂಬರ್ಥದ ಬ್ಯಾನರ್ ಕಟ್ಟಿದ್ದರು, ಆದರೂ ಆಡಳಿತ ಮಂಡಳಿ ತಾಳಿಕೊಂಡಿತು, ಆಮೇಲೆ 13 ಲೀಗ್ ಪ್ರಶಸ್ತಿ ಬಂದವು, ಆದ್ದರಿಂದ ನಾವೂ ತಾಳ್ಮೆ ಕಲಿಯಬೇಕು ಎಂದು. ಕಥೆ ಸತ್ಯವೇ. ಆ ತಾಳ್ಮೆಯ ವಾಯಿದೆ ಸಾಮಾನ್ಯವಾಗಿ ಮೂರನೆಯ ಪಂದ್ಯದ ವಿರಾಮದವರೆಗೆ.

ಕಂಠ ಸಾಲದಿದ್ದರೆ ವಿಮಾನ. ಇದು ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ. 2014ರ ಮಾರ್ಚ್‌ನಲ್ಲಿ ಯುನೈಟೆಡ್‌ನ ಅಂಗಳ ಓಲ್ಡ್ ಟ್ರಾಫರ್ಡ್ ಮೇಲೆ, ಮ್ಯಾನೇಜರ್ ಡೇವಿಡ್ ಮೊಯೆಸ್ ತೊಲಗಲಿ ಎಂಬ ಬ್ಯಾನರ್ ಎಳೆದುಕೊಂಡು ಪುಟ್ಟ ವಿಮಾನವೊಂದು ಹಾರಿತು. ಕೆಳಗಿದ್ದವರು ಮುಖ ಮೇಲೆತ್ತಿ ವಿಮಾನಕ್ಕೇ ಹೀಯಾಳಿಸಿದರು, ಮೊಯೆಸ್‌ಗೆ ಚಪ್ಪಾಳೆ ತಟ್ಟಿದರು. ತಂಡ 4-1 ಗೆದ್ದಿತು. ಇನ್ನೂ ನಾಲ್ಕು ವಾರ ತುಂಬುವ ಮೊದಲು ಮೊಯೆಸ್ ಮನೆಗೆ ಹೋದರು. ಆರು ವರ್ಷದ ಒಪ್ಪಂದದಲ್ಲಿ ಹತ್ತು ತಿಂಗಳು ಸವೆದಿತ್ತು. ಆರ್ಸೆನಲ್‌ನವರು ಇನ್ನೂ ಮುಂದೆ ಹೋದರು. 2017ರ ಮಾರ್ಚ್‌ನಲ್ಲಿ ವೆಸ್ಟ್ ಬ್ರಾಮ್ ವಿರುದ್ಧದ ಪಂದ್ಯದ ವೇಳೆ ಮ್ಯಾನೇಜರ್ ಆರ್ಸೆನ್ ವೆಂಗರ್ ಹೋಗಲಿ ಎನ್ನಲು ಒಂದು ವಿಮಾನ, ವೆಂಗರ್ ಮೇಲೆ ನಮಗೆ ನಂಬಿಕೆಯಿದೆ ಎನ್ನಲು ಇನ್ನೊಂದು ವಿಮಾನ. ವಿಶ್ವಾಸಮತ ಯಾಚನೆ ಸದನದಲ್ಲಿ ನಡೆಯುತ್ತದೆ ಎಂದು ತಿಳಿದಿದ್ದ ನನಗೆ ಅದು ಆಕಾಶದಲ್ಲೂ ನಡೆಯಬಹುದು ಎಂದು ಗೊತ್ತಾದದ್ದು ಅಂದೇ. ಕೆಳಗೆ ಆರ್ಸೆನಲ್ 3-1 ಸೋತಿತು. ಚೆಂಡನ್ನು ಯಾರಾದರೂ ನೋಡುತ್ತಿದ್ದರೋ ಇಲ್ಲವೋ.

‘ವೆಂಗರ್ ಔಟ್’ ಎಂಬ ಫಲಕ ಆಮೇಲೆ ಕ್ರೀಡಾಂಗಣ ಬಿಟ್ಟು ಲೋಕಸಂಚಾರಕ್ಕೇ ಹೊರಟಿತು. ಅಮೆರಿಕದ ಕುಸ್ತಿ ಪ್ರದರ್ಶನದಲ್ಲಿ ಕಾಣಿಸಿತು, ಬ್ಯಾಂಕಾಕ್‌ನ ಸಂಗೀತ ಕಛೇರಿಯಲ್ಲಿ ಕಾಣಿಸಿತು. 2017ರ ನವೆಂಬರ್‌ನಲ್ಲಿ ಜಿಂಬಾಬ್ವೆಯ ಜನ 37 ವರ್ಷ ಆಳಿದ ರಾಬರ್ಟ್ ಮುಗಾಬೆ ಇಳಿಯಲಿ ಎಂದು ಬೀದಿಗೆ ಬಂದಾಗ ಆ ಜನಸಾಗರದ ನಡುವೆಯೂ ಒಬ್ಬ ‘ವೆಂಗರ್ ಔಟ್’ ಎತ್ತಿ ಹಿಡಿದಿದ್ದ. ಮುಗಾಬೆ ಆ ತಿಂಗಳೇ ಇಳಿದರು. ವೆಂಗರ್ ಮುಂದಿನ ಮೇ ತನಕ ಕೂತರು.

ಅವರ ಜಾಗಕ್ಕೆ ಉನಾಯ್ ಎಮೆರಿ ಬಂದರು. ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಅಣಕಿಸಿ ಅಣಕಿಸಿ ಒಂದೂವರೆ ವರ್ಷದಲ್ಲಿ ಅವರನ್ನೂ ಸಾಗಹಾಕಿದ್ದಾಯಿತು. ಅದೇ ಎಮೆರಿ 2021ರಲ್ಲಿ ಸ್ಪೇನ್‌ನ ವಿಯ್ಯಾರಿಯಲ್ ತಂಡದೊಂದಿಗೆ ಬಂದು ಯುರೋಪಾ ಲೀಗ್ ಸೆಮಿಫೈನಲ್‌ನಲ್ಲಿ ಆರ್ಸೆನಲ್ ಅನ್ನೇ ಮಣಿಸಿ ಕಪ್ ಒಯ್ದರು. ಉಚ್ಚಾರಣೆ ಮಾತ್ರ ಹಾಗೆಯೇ ಇತ್ತು.

ಇಷ್ಟೆಲ್ಲ ಗದ್ದಲದಿಂದ ಪ್ರಯೋಜನವಿದೆಯೇ ಎಂದು ಬಾಸ್ ಟರ್ ವೀಲ್ ಎಂಬ ಡಚ್ ಅರ್ಥಶಾಸ್ತ್ರಜ್ಞರು ತಮ್ಮ ದೇಶದ ಲೀಗ್‌ನ ಹಲವು ಋತುಗಳ ಲೆಕ್ಕ ತೆಗೆದು ನೋಡಿದ್ದಾರೆ. ಸೋಲಿನ ಸರಣಿಯಲ್ಲಿ ಮ್ಯಾನೇಜರ್‌ನನ್ನು ಕಿತ್ತ ತಂಡಗಳು ಚೇತರಿಸಿಕೊಂಡವು. ಅಷ್ಟೇ ಕೆಟ್ಟದಾಗಿ ಆಡಿ ಯಾರನ್ನೂ ಕೀಳದ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡವು. ನೆಗಡಿಗೆ ಔಷಧ ತೆಗೆದುಕೊಂಡರೆ ಏಳು ದಿನ, ಇಲ್ಲದಿದ್ದರೆ ಒಂದು ವಾರ. ಇಂಥ ವಿಷಯ ಹೇಳುವವರನ್ನು ಯಾವ ಕ್ರೀಡಾಂಗಣದ ಬಾಗಿಲಲ್ಲೂ ಒಳಗೆ ಬಿಡಬಾರದು.

ಇನ್ನು ವಜಾ ಪ್ರಕಟಣೆಯ ಸಾಹಿತ್ಯ. ಅದನ್ನು ಬರೆಯುವವರಿಗೆ ನಾನು ಅಡ್ಡಬೀಳುತ್ತೇನೆ. ‘ಅವರ ಪರಿಶ್ರಮಕ್ಕೆ ಕ್ಲಬ್ ಋಣಿಯಾಗಿದೆ, ಮುಂದಿನ ದಿನಗಳಿಗೆ ಶುಭ ಹಾರೈಸುತ್ತದೆ.’ ಶುಭ ಹಾರೈಸುವವರು ಮುಂದಿನ ದಿನಗಳನ್ನು ಇಲ್ಲೇ ಕೊಡಬಹುದಿತ್ತಲ್ಲ? ಕೆಲವೊಮ್ಮೆ ‘ಪರಸ್ಪರ ಒಪ್ಪಿಗೆ’ ಎಂದು ಬರುತ್ತದೆ. ಕತ್ತಿಗೂ ಕೊರಳಿಗೂ ನಡೆದ ಮಾತುಕತೆ ಸೌಹಾರ್ದಯುತವಾಗಿತ್ತು ಎಂದಂತೆ.

ಲೀಸ್ಟರ್‌ಗೆ 2016ರಲ್ಲಿ ಲೀಗ್ ಗೆದ್ದುಕೊಟ್ಟ ಕ್ಲಾಡಿಯೊ ರಾನಿಯೇರಿ ಒಂಬತ್ತು ತಿಂಗಳಿಗೆ ಹೊರಗೆ. ಚೆಲ್ಸಿಗೆ 2012ರ ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ರಾಬರ್ಟೊ ಡಿ ಮಟ್ಟೆಯೊ ನವೆಂಬರ್‌ಗೆ ಹೊರಗೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಲೂಯಿಸ್ ವಾನ್ ಗಾಲ್ ಎಫ್ಎ ಕಪ್ ಗೆದ್ದ ಎರಡು ದಿನಕ್ಕೆ ಹೊರಗೆ. ಸೋತವನನ್ನು ಕಳುಹಿಸುವುದರಲ್ಲಿ ಏನು ಹೆಚ್ಚುಗಾರಿಕೆ?

ಮ್ಯಾಂಚೆಸ್ಟರ್ ಯುನೈಟೆಡ್ 2024ರ ಜುಲೈನಲ್ಲಿ ಎರಿಕ್ ಟೆನ್ ಹಾಗ್ ಅವರ ಒಪ್ಪಂದವನ್ನು ವಿಸ್ತರಿಸಿತು, ಅಕ್ಟೋಬರ್‌ನಲ್ಲಿ ಕಿತ್ತುಹಾಕಿತು. ಅವರನ್ನೂ ಅವರ ಸಹಾಯಕರನ್ನೂ ಕಳುಹಿಸಲು ತಗುಲಿದ ವೆಚ್ಚ 1.04 ಕೋಟಿ ಪೌಂಡ್. ಅವರ ಬದಲಿಗೆ ರೂಬೆನ್ ಅಮೊರಿಂ ಅವರನ್ನು ಲಿಸ್ಬನ್‌ನಿಂದ ಬಿಡಿಸಿ ತರಲು ಸುಮಾರು ಅಷ್ಟೇ ಮೊತ್ತ. ಅದೇ ವರ್ಷ ಕ್ಲಬ್ ಖರ್ಚು ಉಳಿಸಬೇಕೆಂದು ಸುಮಾರು 250 ಸಿಬ್ಬಂದಿಯನ್ನು ಮನೆಗೆ ಕಳುಹಿಸಿತು. 2025ರ ಫೆಬ್ರುವರಿಯಲ್ಲಿ ಇನ್ನೂ 150ರಿಂದ 200 ಮಂದಿ ಎಂದಿತು. ಓಲ್ಡ್ ಟ್ರಾಫರ್ಡ್‌ನ ಸಿಬ್ಬಂದಿ ಕ್ಯಾಂಟೀನ್ ಮುಚ್ಚಿ, ಉಚಿತ ಊಟದ ಬದಲು ಉಚಿತ ಹಣ್ಣು ಎಂದರು. ಒಬ್ಬ ಮ್ಯಾನೇಜರ್‌ನನ್ನು ಓಡಿಸಲು ಕೋಟಿ ಪೌಂಡ್ ಇದೆ, ಟಿಕೆಟ್ ಕೌಂಟರ್‌ನಲ್ಲಿ ಕೂತವಳಿಗೆ ಮಧ್ಯಾಹ್ನ ಒಂದು ಬಾಳೆಹಣ್ಣು. ಆ ನೂರಾರು ಜನರಲ್ಲಿ ಒಬ್ಬರ ಹೆಸರನ್ನೂ ಯಾವ ವಿಮಾನವೂ ಬ್ಯಾನರಿನಲ್ಲಿ ಎಳೆಯಲಿಲ್ಲ. ಅವರಿಗೆ ಕೋಟಿಯ ಪರಿಹಾರವಿಲ್ಲ, ಮುಂದಿನ ತಿಂಗಳು ಬೇರೆ ಕ್ಲಬ್ ಕರೆಯುವುದಿಲ್ಲ, ಟಿವಿ ಸ್ಟುಡಿಯೊದಲ್ಲಿ ಸೋಫಾ ಕಾದಿರುವುದಿಲ್ಲ. ಬೆಳಗಾಗುವಷ್ಟರಲ್ಲಿ ನಿಜವಾಗಿ ಕೆಲಸ ಹೋದವರು ಅವರು. ಇದನ್ನು ತಮಾಷೆ ಮಾಡಲು ನನಗೆ ಬರುವುದಿಲ್ಲ.

ಅಭಿಮಾನಿಗಳು ಮಾಲೀಕರ ವಿರುದ್ಧ ಕೂಗಿಲ್ಲವೆಂದಲ್ಲ. ಗ್ಲೇಜರ್ ಕುಟುಂಬ 2005ರಲ್ಲಿ ಯುನೈಟೆಡ್ ಅನ್ನು ಕೊಂಡಾಗಿನಿಂದ ಕೂಗುತ್ತಿದ್ದಾರೆ, ಮೆರವಣಿಗೆ ಮಾಡಿದ್ದಾರೆ. ಕೆಲವರು ರೋಸಿಹೋಗಿ ಬೇರೆ ಕ್ಲಬ್ಬನ್ನೇ ಕಟ್ಟಿಕೊಂಡು ಹೋದರು. 20 ವರ್ಷ ಕಳೆದರೂ ಮಾಲೀಕರು ಕದಲಲಿಲ್ಲ. ಮ್ಯಾನೇಜರ್ ಆದರೆ ಹದಿನೈದು ದಿನದ ಹಾಡಿಗೆ ಬೀಳುತ್ತಾನೆ. ಎರಡು ಬಾಗಿಲಲ್ಲಿ ಒಂದು ಮಾತ್ರ ತೆರೆಯುವುದಾದರೆ ಜನ ಅದನ್ನೇ ತಟ್ಟುತ್ತಾರೆ. ಅದನ್ನು ತೆರೆದಿಟ್ಟವರು ಯಾರು ಎಂದು ಕೇಳುವಷ್ಟು ಪುರುಸೊತ್ತು ಶನಿವಾರ ಮಧ್ಯಾಹ್ನ ಯಾರಿಗಿದೆ?

ನಾಟಿಂಗ್‌ಹ್ಯಾಮ್ ಪೇಟೆಯ ನಡುವೆ ಬ್ರಯಾನ್ ಕ್ಲಫ್ ಅವರ ಪ್ರತಿಮೆ ಇದೆ. 1974ರಲ್ಲಿ ಲೀಡ್ಸ್ ಕ್ಲಬ್ ಅವರನ್ನು 44 ದಿನಕ್ಕೆ ಹೊರಹಾಕಿತ್ತು. ಮರುವರ್ಷ ಅವರು ಫಾರೆಸ್ಟ್‌ಗೆ ಬಂದರು, 18 ವರ್ಷ ಉಳಿದರು, ಎರಡು ಸಲ ಯುರೋಪಿಯನ್ ಕಪ್ ಗೆದ್ದರು. 1993ರಲ್ಲಿ ಅವರ ಕೈಯಲ್ಲೇ ತಂಡ ಕೆಳದರ್ಜೆಗೆ ಬಿದ್ದಾಗ ಅಂಗಳ ತುಂಬ ಜನ ಅವರ ಹೆಸರು ಹಾಡಿ ಬೀಳ್ಕೊಟ್ಟರು. ಬಿದ್ದ ದಿನವೇ ಹಾಡಿದರು, ನೆನಪಿರಲಿ. ಪ್ರತಿಮೆಯ ಕ್ಲಫ್ ಎರಡೂ ಕೈಗಳನ್ನು ಮೇಲೆತ್ತಿ ಜೋಡಿಸಿದ್ದಾರೆ. ಗೆಲುವಿನ ಭಂಗಿ ಅದು. ಈಗೀಗ ಚಿತ್ರದಲ್ಲಿ ನೋಡಿದಾಗಲೆಲ್ಲ, ಸಾಕು ಮಾರಾಯರೇ, ಬಿಟ್ಟುಬಿಡಿ ಎಂದು ಕೈಮುಗಿದಂತೆ ಕಾಣುತ್ತದೆ.

ಅಷ್ಟರಲ್ಲಿ ಎಲ್ಲೋ ಇನ್ನೊಬ್ಬ ಹೊಸ ಮ್ಯಾನೇಜರ್ ಬಂದಿರುತ್ತಾನೆ. ಕ್ಲಬ್ಬಿನ ಸ್ಕಾರ್ಫನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಫೋಟೊಗೆ ನಿಲ್ಲುತ್ತಾನೆ, ಹರಕೆಯ ಕುರಿ ತನ್ನ ಹಾರವನ್ನು ತಾನೇ ಹಿಡಿದು ತೋರಿಸಿದಂತೆ. ಮೊದಲ ಪಂದ್ಯ ಗೆಲ್ಲುತ್ತಾನೆ. ಸ್ಟ್ಯಾಂಡ್‌ನ ಮೂಲೆಯಿಂದ ಗ್ವಾಂಟನಮೇರಾ ರಾಗ ಏಳುತ್ತದೆ. ಮೊದಲ ಪದ ಕಿವಿಗೆ ಬೀಳುವ ತನಕ ಅದು ಯಾವ ಹಾಡೆಂದು ಅವನಿಗೆ ತಿಳಿಯುವುದಿಲ್ಲ. ಕೈ ಬೀಸಲೆಂದು ಅರ್ಧ ಎತ್ತಿ, ಅಲ್ಲೇ ನಿಲ್ಲಿಸಿ ಕಾಯುತ್ತಾನೆ.