ವಠಾರದ ಜಗಳ, ಕಾಗದದ ಪ್ರೀತಿ: ಮತ್ತೊಮ್ಮೆ ‘ಗಣೇಶನ ಮದುವೆ’

ಅನಂತ್‌ನಾಗ್ ಅವರಿಗೆ 2025ರಲ್ಲಿ ಪದ್ಮಭೂಷಣ ಘೋಷಣೆಯಾದಾಗ ನಮ್ಮಲ್ಲಿ ಅನೇಕರು ನೆನೆದದ್ದು ‘ಅಂಕುರ್’ ಮತ್ತು ‘ಹಂಸಗೀತೆ’ಯನ್ನು. ನನ್ನ ಮನಸ್ಸು ಮಾತ್ರ ನೇರವಾಗಿ 1990ರ ‘ಗಣೇಶನ ಮದುವೆ’ಯ ಕಡೆಗೆ ಹೋಯಿತು. ಗಂಭೀರ ಚಿತ್ರಗಳಿಗೆ ಸಲ್ಲುವ ಗೌರವ ಈ ನಗೆಚಿತ್ರಕ್ಕೂ ಸಲ್ಲಬೇಕು ಎಂಬುದು ನನ್ನ ಬಹುದಿನಗಳ ಅಭಿಪ್ರಾಯ. ಕಳೆದ ವಾರ ಮನೆಮಂದಿಯೆಲ್ಲ ಕೂಡಿ ಅದನ್ನು ಮತ್ತೆ ನೋಡಿದ ಮೇಲೆ ಆ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ.

ಫಣಿ ರಾಮಚಂದ್ರ ನಿರ್ದೇಶಿಸಿದ ಈ ಚಿತ್ರದ ಕಥೆ ಒಂದು ವಠಾರದಲ್ಲಿ ನಡೆಯುತ್ತದೆ. ವಠಾರದ ಮಾಲೀಕ ರಮಣಮೂರ್ತಿ, ಆತನ ಮಗಳು ಆದಿಲಕ್ಷ್ಮಿ, ಅಲ್ಲಿ ಬಾಡಿಗೆಗಿರುವ ವೈ.ಜಿ. ರಾವ್. ರಾವ್ ಮತ್ತು ಆದಿಲಕ್ಷ್ಮಿಗೆ ಒಬ್ಬರನ್ನೊಬ್ಬರು ಕಂಡರಾಗದು. ಅದೇ ರಾವ್, ಶ್ರುತಿ ಎಂಬ ಹೆಸರಿನಲ್ಲಿ ಹಾಡುವ ಗಾಯಕಿಯ ಕಂಠಕ್ಕೆ ಮನಸೋತು, ಗಣೇಶ ಎಂಬ ತನ್ನ ಹೆಸರಿನಲ್ಲಿ ಆಕೆಗೆ ಕಾಗದ ಬರೆಯುತ್ತಾನೆ. ಆಕೆಯಿಂದ ಉತ್ತರವೂ ಬರುತ್ತದೆ. ಶ್ರುತಿಯೇ ಆದಿಲಕ್ಷ್ಮಿ ಎಂಬುದು ಅವನಿಗೆ ತಿಳಿಯದು, ರಾವ್‌ನೇ ಗಣೇಶ ಎಂಬುದು ಅವಳಿಗೂ ತಿಳಿಯದು. ನೋಡುವ ನಮಗೆ ಮಾತ್ರ ಎರಡೂ ಗೊತ್ತು.

ಚಿತ್ರದ ನಗೆಯೆಲ್ಲ ಹುಟ್ಟುವುದು ಇಲ್ಲಿಂದಲೇ. ಆದ್ದರಿಂದಲೇ ಈ ಚಿತ್ರಕ್ಕೆ ಯಾರನ್ನೂ ಹೀಯಾಳಿಸಿ ನಗಿಸಬೇಕಾದ ಅಗತ್ಯ ಬೀಳುವುದಿಲ್ಲ. ಬೆಳಿಗ್ಗೆ ಜಗಳವಾಡಿದ ಮನುಷ್ಯ ಸಂಜೆ ಅದೇ ಹುಡುಗಿಗೆ ಅಕ್ಕರೆಯ ಮಾತುಗಳನ್ನು ಬರೆಯಲು ಕುಳಿತರೆ, ಅಲ್ಲಿ ಬೇರೆ ಹಾಸ್ಯದ ತುಣುಕು ಸೇರಿಸುವುದು ಏಕೆ ಬೇಕು? ನಮ್ಮವ್ವ ಮೊರದಲ್ಲಿ ಸೇಂಗಾ ಇಟ್ಟುಕೊಂಡು ಸುಲಿಯುತ್ತ ನೋಡುತ್ತಿದ್ದವಳು, ಇಂಥದೊಂದು ಘಟ್ಟದಲ್ಲಿ ಕೈ ನಿಲ್ಲಿಸಿ, “ಏ ಹುಚ್ಚಪ್ಪಾ, ನೀ ಕಾಗದಾ ಬರಿಯೂ ಹುಡುಗಿ ಈಕಿನ ಅದಾಳಲ್ಲೋ!” ಎಂದು ಟಿವಿಯೊಳಗಿನ ಅನಂತ್‌ನಾಗ್‌ಗೆ ಹೇಳಿಯೇಬಿಟ್ಟಳು. ಕಥೆ ಆಕೆಗೆ ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ. ಆದರೂ ಹೇಳದೆ ಇರಲಾಗಲಿಲ್ಲ.

ಹಳೆಯ ಬಾಗಲಕೋಟೆಯಲ್ಲಿ ಬೆಳೆದ ನಮಗೆ ಈ ವಠಾರ ಪರವೂರಿನದು ಎಂದು ಎಂದೂ ಅನಿಸಿಲ್ಲ. ಮಾತು ಬೆಂಗಳೂರಿನದಾದರೂ ಬದುಕು ನಮ್ಮದೇ ಆಗಿತ್ತು. ಗೋಡೆಗೆ ಗೋಡೆ ಹತ್ತಿದ ಮನೆಗಳು, ನಳದ ಮುಂದೆ ಸಾಲಾಗಿ ಇಟ್ಟ ಕೊಡಗಳು, ಯಾರ ಮನೆಯಲ್ಲಿ ಯಾವ ಒಗ್ಗರಣೆ ಬಿದ್ದಿತೆಂದು ಓಣಿಗೆಲ್ಲ ತಿಳಿಯುವಷ್ಟು ಸಲಿಗೆ, ಅಷ್ಟೇ ಪ್ರಮಾಣದ ಜಗಳ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರಿನ ಭಾಗಗಳು ಒಂದೊಂದಾಗಿ ಹೋದ ಮೇಲೆ ನಾವೆಲ್ಲ ನವನಗರದ ಸೆಕ್ಟರುಗಳಿಗೆ ಬಂದೆವು. ಅಗಲವಾದ ರಸ್ತೆ, ಸ್ವಂತ ಕಂಪೌಂಡು, ಸ್ವಂತ ನಳ ಎಲ್ಲವೂ ಸಿಕ್ಕವು, ಅದರ ಬಗ್ಗೆ ನನಗೆ ಸಂತೋಷವೇ ಇದೆ. ಆದರೆ ಗಣೇಶ ಮತ್ತು ಆದಿಲಕ್ಷ್ಮಿ ಇಂದು ಇಲ್ಲಿ ಇದ್ದಿದ್ದರೆ ಬೇರೆ ಬೇರೆ ಸೆಕ್ಟರುಗಳಲ್ಲಿ ಇರುತ್ತಿದ್ದರು, ಅವರ ನಡುವೆ ಜಗಳವಾಡಲೂ ಕಾರಣ ಸಿಗುತ್ತಿರಲಿಲ್ಲ.

ಜಗಳದ ಮಾತು ಬಂದದ್ದರಿಂದ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ. ನಾಯಕ ನಾಯಕಿಯನ್ನು ಬೆನ್ನುಹತ್ತಿ ಕಾಡಿಸಿ, ಆಕೆಯ ಸೊಕ್ಕು ಮುರಿದು, ಕೊನೆಗೆ ಅದನ್ನೇ ಪ್ರೀತಿ ಎಂದು ಒಪ್ಪಿಸುವ ಚಿತ್ರಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಇಲ್ಲಿ ಹಾಗಿಲ್ಲ. ವಿನಯಾ ಪ್ರಸಾದ್ ಅವರ ಆದಿಲಕ್ಷ್ಮಿ ಏಟಿಗೆ ಎದುರೇಟು ಕೊಡುವ ಹುಡುಗಿ. ಗಣೇಶ ಗೆದ್ದು ಆಕೆ ಸೋಲುವ ಆಟವಲ್ಲ ಇದು. ಕಾಗದದಲ್ಲಿಯೂ ಹಾಗೆಯೇ, ಇಬ್ಬರೂ ಸಮಾನರಾಗಿ ಬರೆಯುತ್ತಾರೆ. ಆಕೆಯ ಮುಖವನ್ನು ಆತ ನೋಡುವುದಕ್ಕೆ ಮೊದಲೇ ಆಕೆಯ ದನಿಯನ್ನು, ಮನಸ್ಸನ್ನು ಮೆಚ್ಚಿಕೊಳ್ಳುತ್ತಾನೆ ಎಂಬುದು ಈ ಪ್ರೇಮಕಥೆಯ ಅತ್ಯಂತ ಸಭ್ಯವಾದ ಅಂಶ ಎಂದು ನನಗೆ ಅನಿಸುತ್ತದೆ. ಮುಖ ಕಾಣದ ದನಿಯನ್ನು ಮೆಚ್ಚುವುದು ನಮ್ಮ ಭಾಗದವರಿಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ 1950ರಿಂದ ನುಡಿಯುತ್ತಿರುವ ಧಾರವಾಡ ಆಕಾಶವಾಣಿಯ ಹಾಡುಗಾರರನ್ನು, ಉದ್ಘೋಷಕರನ್ನು ನಮ್ಮ ಹಿರಿಯರು ಮನೆಯವರಂತೆ ಕಂಡದ್ದೂ ಬರೀ ದನಿಯ ಮೂಲಕವೇ.

ಅನಂತ್‌ನಾಗ್ ಅವರ ಅಭಿನಯದ ಬಗ್ಗೆ ಎಷ್ಟು ಬರೆದರೂ ಸಾಲದು. ಆಗ ಅವರಿಗೆ ನಲವತ್ತು ದಾಟಿತ್ತು, ಆದರೆ ಕಾಗದದ ದಾರಿ ಕಾಯುವ ಅವರ ಮುಖದಲ್ಲಿ ಇಪ್ಪತ್ತರ ಹುಡುಗನ ಕಾತರವಿದೆ. ಅವರು ನಗಿಸಲು ಪ್ರಯತ್ನಿಸುವುದಿಲ್ಲ. ಆ ಪಾತ್ರಕ್ಕೆ ತನ್ನ ಪೇಚಾಟ ನಿಜವಾಗಿಯೂ ದೊಡ್ಡ ಸಂಕಟ, ಅದನ್ನು ಅವರು ಪೂರ್ಣ ನಂಬಿ ಅಭಿನಯಿಸುತ್ತಾರೆ. ಮಾತು ಮುಗಿದ ಮೇಲೂ ಅರೆಗಳಿಗೆ ಸುಮ್ಮನೆ ನಿಂತು, ಕಣ್ಣನ್ನು ಮಾತ್ರ ಆಚೀಚೆ ಹೊರಳಿಸುವ ಆ ರೀತಿಯನ್ನು ಗಮನಿಸಿ ನೋಡಿ. ರಂಗಭೂಮಿಯಿಂದ ಬಂದ ಮುಖ್ಯಮಂತ್ರಿ ಚಂದ್ರು ಅವರ ರಮಣಮೂರ್ತಿಗೂ ಇದೇ ಮಾತು ಅನ್ವಯಿಸುತ್ತದೆ. ಆ ಸಿಡುಕು ಮಾಲೀಕನನ್ನು ಬೈಯುತ್ತಲೇ ಮೆಚ್ಚಿಕೊಳ್ಳುತ್ತೇವೆ. ಸಂಗೀತ ರಾಜನ್–ನಾಗೇಂದ್ರ ಅವರದು. ‘ಬಯಲುದಾರಿ’ಯ ಕಾಲದಿಂದ ಅನಂತ್‌ನಾಗ್ ಅವರ ಮೃದು ಸ್ವಭಾವದ ಪಾತ್ರಗಳಿಗೆ ಅವರ ರಾಗಗಳು ಚೆನ್ನಾಗಿ ಒಗ್ಗಿಕೊಂಡು ಬಂದಿವೆ.

ಫಣಿ ರಾಮಚಂದ್ರ ಮರುವರ್ಷವೇ ‘ಗೌರಿ ಗಣೇಶ’ ಮಾಡಿದರು, ಅದೂ ಒಳ್ಳೆಯ ಚಿತ್ರವೇ. ಆದರೂ ನನ್ನ ಒಲವು ಮೊದಲನೆಯದರ ಕಡೆಗೇ.

ಇದನ್ನು ಈಗಿನ ಕಾಲಕ್ಕೆ ಹೊಂದಿಸಿ ಮತ್ತೆ ತೆಗೆಯಬೇಕು ಎಂದು ನನ್ನ ಅಳಿಯ ವಾದಿಸುತ್ತಾನೆ. ನಾನು ಒಪ್ಪುವುದಿಲ್ಲ. ವಾಟ್ಸಾಪಿನಲ್ಲಿ ಮುಖಚಿತ್ರ ಮೊದಲು ಕಾಣುತ್ತದೆ, ಹೆಸರು ಆಮೇಲೆ. ಕಥೆ ಮೊದಲ ಐದು ನಿಮಿಷದಲ್ಲೇ ಮುಗಿದುಹೋಗುತ್ತದೆ. ಕಾಗದ ಹಾಕಿದ ದಿನಕ್ಕೂ ಉತ್ತರ ಕೈಸೇರುವ ದಿನಕ್ಕೂ ನಡುವಿನ ಕಾಯುವಿಕೆ ಈ ಕಥೆಗೆ ಬೇಕೇ ಬೇಕು, ಏಕೆಂದರೆ ವಠಾರದ ಜಗಳಗಳೆಲ್ಲ ನಡೆಯುವುದು ಆ ಬಿಡುವಿನಲ್ಲಿಯೇ. ಹೊಸದಾಗಿ ತೆಗೆಯುವ ಬದಲು ಹಳೆಯದರ ಬಣ್ಣವನ್ನೂ ಧ್ವನಿಯನ್ನೂ ಶುದ್ಧಗೊಳಿಸಿ, ಬೆಂಗಳೂರಿನಲ್ಲಷ್ಟೇ ಅಲ್ಲದೆ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಚಿತ್ರಮಂದಿರಗಳಲ್ಲಿಯೂ ಒಂದು ವಾರ ತೋರಿಸಲಿ. ಮೊದಲ ದಿನದ ಮೊದಲ ಆಟಕ್ಕೆ ಅವ್ವನನ್ನೂ ದೊಡ್ಡವ್ವನನ್ನೂ ನಾನೇ ಕರೆದುಕೊಂಡು ಹೋಗುತ್ತೇನೆ.