ಸ್ವೆಟರಿನ ಅಂಚಿಗೆ ಕ್ರೋಶಾ

ಸ್ವೆಟರ್ ಬಗ್ಗೆ ನಿಮ್ಮ ಲೇಖನದಲ್ಲಿ, ಎರಡು ಕಡ್ಡಿಯ ಹೆಣಿಗೆ ಪೂರ್ತಿ ಮುಗಿಸಿ ಆಮೇಲೆ ಕ್ರೋಶಾಕ್ಕೆ (ಒಂದೇ ಕೊಕ್ಕೆ ಕಡ್ಡಿಯ ಹೆಣಿಗೆಗೆ) ಕೈ ಹಾಕಿ ಅಂತ ಬರೆದಿದ್ದೀರಿ. ನಾನಂತೂ ಒಪ್ಪಲ್ಲ ಮೇಡಂ. ಇಲ್ಲಿ ದೆಹಲಿಯ ಜನವರಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಕೂತಾಗ ಮಡಿಲಲ್ಲಿ ಎರಡೂ ಇರಬೇಕು. ಕಡ್ಡಿ ಬೇಜಾರಾದಾಗ ಸ್ವೆಟರಿಗೆ ಹಚ್ಚೋ ಒಂದು ಕ್ರೋಶಾ ಹೂವು ಹೆಣೆದು ಮುಗಿಸಬಹುದು.

ಸ್ವೆಟರಿನ ಬೆನ್ನು, ತೋಳು ಎಲ್ಲಾ ಎರಡು ಕಡ್ಡಿಯಲ್ಲೇ ಆಗಬೇಕು. ಕ್ರೋಶಾ ಉಲ್ಲನ್ ಜಾಸ್ತಿ ನುಂಗುತ್ತೆ, ಅಷ್ಟು ಹಿಗ್ಗೋದೂ ಇಲ್ಲ. ಆದರೆ ಅಂಚಿಗೆ ಅದೇ ಸರಿ, ಹೆಣಿಗೆ ಸುರುಳಿ ಸುತ್ತಿಕೊಳ್ಳೋದನ್ನು ತಕ್ಕಮಟ್ಟಿಗೆ ಹಿಡಿದು ನಿಲ್ಲಿಸುತ್ತೆ.

ಲೇಖನದಲ್ಲಿ ಬಿಟ್ಟುಹೋದ ಮುಖ್ಯ ವಿಷಯ: ಪಕ್ಕದ ಅಂಚಿನಲ್ಲಿ ಪ್ರತಿ ಸಾಲಿಗೂ ಒಂದೊಂದು ಕುಣಿಕೆ ಎತ್ತಿದರೆ ಅಂಚು ಅಲೆ ಅಲೆಯಾಗಿ ನಿಲ್ಲುತ್ತೆ. ಸಾದಾ ಹೆಣಿಗೆಯಾದರೆ (ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ) 4 ಸಾಲಿಗೆ 3 ಕುಣಿಕೆ ಸಾಕು. 4 ಮಿ.ಮೀ. ಕಡ್ಡಿಯ ಹೆಣಿಗೆಗೆ ನಾನು 3.5ರ ಕ್ರೋಶಾ ಕಡ್ಡಿ ತಗೋತೀನಿ.

ಮಕ್ಕಳ ಸ್ವೆಟರಿನ ಕತ್ತಿಗೆ ಮಾತ್ರ ಕ್ರೋಶಾ ಅಂಚು ಬೇಡ, ಅದು ಹಿಗ್ಗಲ್ಲ, ಮುಂದೆ ಗುಂಡಿ ಇಲ್ಲದಿದ್ದರೆ ತಲೆ ತೂರೋದೇ ಕಷ್ಟ (ನಮ್ಮ ಮೊಮ್ಮಗ ಮನೆಯೆಲ್ಲಾ ಕೇಳೋ ಹಾಗೆ ಕಿರುಚುತ್ತಾನೆ). ಹೂವನ್ನು ಸ್ವೆಟರಿಗೆ ಹೊಲಿಯೋ ಮುಂಚೆ ಎರಡನ್ನೂ ಒಮ್ಮೆ ಒಗೆದು ನೆಲಕ್ಕೆ ಹರಡಿ ಒಣಗಿಸಿ. ಅಕ್ರಿಲಿಕ್ ನೂಲಾದರೆ ಬಿಸಿ ಇಸ್ತ್ರಿಪೆಟ್ಟಿಗೆ ಮುಟ್ಟಿಸಲೇಬೇಡಿ.