ಶೇಡಿ ಮಣ್ಣು ಮತ್ತು ಮೊಣಕಾಲಿನ ಗಣಿತ

ಮಣ್ಣಿಗೆಂದು ಬರೆದ ಸಮೀಕರಣ ಮೊಣಕಾಲಿನ ಮೃದ್ವಸ್ಥಿಗೂ (ಕೀಲಿನಲ್ಲಿ ಮೂಳೆಯ ತುದಿಯನ್ನು ಹೊದ್ದಿರುವ ಮೆತ್ತನೆಯ ಅಂಗಾಂಶ, ಕಾರ್ಟಿಲೇಜ್) ಒಗ್ಗುತ್ತದೆ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ; ಆ ಮಾತು ಉತ್ಪ್ರೇಕ್ಷೆಯಲ್ಲ. ಭಾರ ಬಿದ್ದಾಗ ಅದನ್ನು ಮೊದಲು ಹೊರುವುದು ರಂಧ್ರಗಳಲ್ಲಿರುವ ನೀರು, ಆ ನೀರು ಮೆಲ್ಲನೆ ಜಿನುಗಿ ಹೋದಂತೆ ಭಾರ ಘನಭಾಗಕ್ಕೆ ವರ್ಗವಾಗುತ್ತದೆ ಎಂದು ಮಣ್ಣಿನ ಎಂಜಿನಿಯರಿಂಗ್‌ನ ಆದ್ಯರಲ್ಲೊಬ್ಬರಾದ ಟೆರ್ಜಾಘಿ ಜೇಡಿಮಣ್ಣಿಗೆ ರೂಪಿಸಿದ ಸಿದ್ಧಾಂತವನ್ನು ಭೌತವಿಜ್ಞಾನಿ ಬಿಯೊ 1941ರಲ್ಲಿ ಮೂರು ಆಯಾಮಗಳಿಗೆ ವಿಸ್ತರಿಸಿದರು. 1980ರಲ್ಲಿ ಜೈವಿಕ ಎಂಜಿನಿಯರ್ ಮೌ ಮತ್ತು ಸಂಗಡಿಗರು ಮೃದ್ವಸ್ಥಿಗೆ ಕಟ್ಟಿದ ಘನ-ದ್ರವ ಮಾದರಿಯ ತಿರುಳೂ ಹೆಚ್ಚುಕಡಿಮೆ ಇದೇ. ಆದರೆ ಮಾದರಿಗೆ ಉಣಿಸುವ ಅಂಕಿಗಳ (ಮಣ್ಣಿನ ಬಲದಂಥವುಗಳ) ಬಗ್ಗೆ ಲೇಖಕರು ಮೌನವಾಗಿದ್ದಾರೆ. ನಮ್ಮ ಮಂಗಳೂರಿನ ಮುರಕಲ್ಲಿನ (ಜಂಬಿಟ್ಟಿಗೆಯ) ಅಡಿಯಲ್ಲಿರುವ ಶೇಡಿ ಎಂಬ ಜೇಡಿಯಂಥ ಮಣ್ಣನ್ನೇ ನೋಡಿ: ಬೇಸಿಗೆಯಲ್ಲಿ ಗುದ್ದಲಿಗೂ ಸುಲಭವಾಗಿ ಜಗ್ಗದ ಅದು ಆಟಿಯ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮಳೆಯಲ್ಲಿ ನೆನೆದರೆ ಬೆರಳ ನಡುವೆ ಕಲಸಿದ ಹಿಟ್ಟಿನಂತೆ ಜಾರುತ್ತದೆ. ಏಪ್ರಿಲ್‌ನಲ್ಲಿ ಒಣಗಿದ ಬರೆಯಿಂದ (ಗುಡ್ಡದ ಕಡಿದಾದ ಇಳಿಜಾರಿನಿಂದ) ತೆಗೆದ ಸ್ಯಾಂಪಲ್ಲಿನ ಬಲವನ್ನೇ ಜುಲೈ ತಿಂಗಳ ಗುಡ್ಡಕ್ಕೂ ಹಾಕಿ ತಡೆಗೋಡೆಯ ಲೆಕ್ಕ ಮುಗಿಸುವುದನ್ನು ನಾನೇ ಕಂಡಿದ್ದೇನೆ.